ಎಲೆಕ್ಟ್ರಿಕ್ ಕಾರಿನ ತಳಕ್ಕೆ ಯಾವ ಕವಚ? ಕಲ್ಲೇಟು, ಬೆಂಕಿ ಎರಡನ್ನೂ ಲೆಕ್ಕಕ್ಕೆ ಹಿಡಿದು ಆರಿಸುವ ಬಗೆ

ಎಲೆಕ್ಟ್ರಿಕ್ ಕಾರಿನಲ್ಲಿ ಎಲ್ಲಕ್ಕಿಂತ ದುಬಾರಿ ಭಾಗ ಇರುವುದು ಎಲ್ಲಕ್ಕಿಂತ ಕೆಳಗೆ. 300ರಿಂದ 600 ಕೆ.ಜಿ. ತೂಗುವ ಬ್ಯಾಟರಿ ಪ್ಯಾಕ್ ನಮ್ಮ ಕಾಲಡಿಯಲ್ಲೇ ಇರುತ್ತದೆ. ರಸ್ತೆಗೂ ಅದಕ್ಕೂ ನಡುವೆ ಒಂದು ಗೇಣು ಜಾಗವೂ ಇರುವುದಿಲ್ಲ. ಲಾರಿಯಿಂದ ಬಿದ್ದ ಕಬ್ಬಿಣದ ತುಂಡು, ಗುಂಡಿಯ ಅಂಚಿನ ಕಲ್ಲು, ಎತ್ತರದ ಹಂಪ್, ಯಾವುದು ತಗುಲಿದರೂ ಮೊದಲ ಏಟು ಆ ಜಾಗಕ್ಕೇ. ಹಾಗಾಗಿ ಕಾರು ಕೊಂಡ ವಾರದಲ್ಲೇ ಅನೇಕರು ಕೇಳುವ ಪ್ರಶ್ನೆ: ಕೆಳಗೆ ಒಂದು ತಗಡು ಹಾಕಿಸಿಬಿಡಲೇ? ಅಲ್ಯೂಮಿನಿಯಮ್ಮೋ, ಸ್ಟೀಲೋ, ಫೈಬರೋ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತಗಡು ಎಷ್ಟು ದಪ್ಪ ಅನ್ನುವುದಕ್ಕಿಂತ, ತಗಡಿಗೂ ಪ್ಯಾಕ್‌ಗೂ ನಡುವೆ ಎಷ್ಟು ಜಾಗ ಇದೆ, ಏಟು ಬಿದ್ದಮೇಲೆ ಅದನ್ನು ಬಿಚ್ಚಿ ನೋಡಬಹುದಾ ಅನ್ನುವುದು ಜಾಸ್ತಿ ಮುಖ್ಯ. ಎಷ್ಟೋ ಸಲ ಅಪಾಯ ಇರುವುದು ಏಟಿನಲ್ಲಿ ಅಲ್ಲ, ಏಟು ಬಿದ್ದದ್ದನ್ನು ಯಾರೂ ನೋಡದೇ ಬಿಡುವುದರಲ್ಲಿ.

ಏಟು ಬಿದ್ದಾಗ ಒಳಗೆ ಆಗುವುದೇನು

ಲಿಫ್ಟ್ ಮೇಲೆ ಏರಿಸಿದ ಕಾರಿನ ಕೆಳಗೆ ಒಮ್ಮೆ ನಿಂತು ನೋಡಿ. ಮೊದಲು ಕಣ್ಣಿಗೆ ಬೀಳುವುದು ಕಪ್ಪು ಪ್ಲಾಸ್ಟಿಕ್ ಹೊದಿಕೆ. ಇದೇ ಬ್ಯಾಟರಿಯ ಕವಚ ಅಂತ ತುಂಬ ಜನ ತಿಳಿದುಕೊಂಡಿರುತ್ತಾರೆ. ಹೆಚ್ಚಿನ ಕಾರುಗಳಲ್ಲಿ ಅದು ಗಾಳಿ ಸರಾಗವಾಗಿ ಹರಿಯಲಿ, ಸದ್ದು ಕಡಿಮೆಯಾಗಲಿ ಅಂತ ಹಾಕಿದ್ದು. ಬೆರಳಲ್ಲಿ ಒತ್ತಿದರೆ ಬಾಗುವಂಥದ್ದು ಕಲ್ಲನ್ನು ತಡೆಯುವುದಿಲ್ಲ. ಅದರ ಮೇಲೆ ಪ್ಯಾಕ್‌ನ ಲೋಹದ ತಟ್ಟೆ. ಅದರ ಮೇಲೆ, ಅನೇಕ ಮಾದರಿಗಳಲ್ಲಿ, ಕೂಲಂಟ್ (ತಂಪು ಮಾಡುವ ದ್ರವ) ಹರಿಯುವ ತೆಳು ಅಲ್ಯೂಮಿನಿಯಮ್ ಪ್ಲೇಟ್. ಅದಕ್ಕೆ ಅಂಟಿಕೊಂಡಂತೆ ಸೆಲ್‌ಗಳು, ಅಂದರೆ ಕರೆಂಟ್ ಕೂಡಿಡುವ ಬಿಡಿಬಿಡಿ ಘಟಕಗಳು.

ಬರೀ ಗೀರು ಬಿದ್ದರೆ ಹೆಚ್ಚಿನ ಸಲ ಹೋಗುವುದು ಪೇಂಟ್ ಮಾತ್ರ. ಆದರೂ ಬಿಟ್ಟರೆ ಅಲ್ಲೇ ತುಕ್ಕು ಶುರುವಾಗುತ್ತದೆ. ತೂತು ಬೀಳುವುದು ಅಪರೂಪ. ಬಿದ್ದರೆ ಕಾರೇ ಕೂಗಿ ಹೇಳುತ್ತದೆ. ನಡುವಿನದ್ದು ನೆಗ್ಗು. ಇದೇ ಮೋಸದ್ದು. ಹೊರಗೆ ತಟ್ಟೆ ಸ್ವಲ್ಪ ಒಳಗೆ ಹೋಗಿರುತ್ತದೆ, ಕಾರು ಎಂದಿನಂತೆ ಓಡುತ್ತಿರುತ್ತದೆ. ಒಳಗೆ ಕೂಲಂಟ್ ಪ್ಲೇಟಿನಲ್ಲಿ ಸಣ್ಣ ಬಿರುಕು ಬಿಟ್ಟಿದ್ದರೆ ದ್ರವ ಹನಿಹನಿಯಾಗಿ ಪ್ಯಾಕ್ ಒಳಗೆ ಇಳಿದು, ದಿನಗಳ ನಂತರ ಇನ್ಸುಲೇಷನ್ ಕೆಡಿಸಬಹುದು. ಸೆಲ್ಲೇ ಒತ್ತಿಹೋಗಿದ್ದರೆ ಇನ್ನೂ ಕೆಟ್ಟದ್ದು. ಪ್ಲಸ್ಸು ಮೈನಸ್ಸು ಪದರಗಳನ್ನು ಬೇರೆ ಇಡುವ ಸೆಪರೇಟರ್ ಕೂದಲಿಗಿಂತ ತೆಳು. ಅದು ಹರಿದರೆ ಒಳಗೇ ಶಾರ್ಟ್ ಆಗುತ್ತದೆ. ಪಾಲಿಎಥಿಲೀನ್ ಸೆಪರೇಟರ್ ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಅಲ್ಲಿಂದ ಮುಂದೆ ಬಿಸಿಯೇ ಬಿಸಿಯನ್ನು ಹುಟ್ಟಿಸುತ್ತಾ ಹೋಗುತ್ತದೆ, ಪಕ್ಕದ ಸೆಲ್‌ಗೂ ದಾಟುತ್ತದೆ. ಥರ್ಮಲ್ ರನ್‌ಅವೇ ಅನ್ನುವುದು ಇದಕ್ಕೇ.

2013ರಲ್ಲಿ ಕಲಿತದ್ದು

ಈ ವಿಷಯದಲ್ಲಿ ಎಲ್ಲರ ಕಣ್ಣು ತೆರೆಸಿದ್ದು ಅಮೆರಿಕದಲ್ಲಿ ನಡೆದ ಎರಡು ಘಟನೆ. 2013ರ ಅಕ್ಟೋಬರ್‌ನಲ್ಲಿ ಸಿಯಾಟಲ್ ಹತ್ತಿರ ಟೆಸ್ಲಾ ಮಾಡೆಲ್ ಎಸ್ ಒಂದು ರಸ್ತೆಯಲ್ಲಿ ಬಿದ್ದಿದ್ದ ಲೋಹದ ತುಂಡಿನ ಮೇಲೆ ಹಾದುಹೋಯಿತು. ಆ ಕಾರಿನ ತಳದಲ್ಲಿ ಕಾಲಿಂಚು, ಅಂದರೆ ಸುಮಾರು 6 ಮಿ.ಮೀ. ದಪ್ಪದ ರಕ್ಷಣಾ ಪ್ಲೇಟ್ ಇತ್ತು. ತುಂಡು ಅದನ್ನೂ ತೂತು ಮಾಡಿತು. ಲೋಹದ ತುಂಡು ನೆಲಕ್ಕೂ ಕಾರಿಗೂ ನಡುವೆ ಸನ್ನೆಗೋಲಿನ ಹಾಗೆ ನಿಂತು, ಸುಮಾರು 25 ಟನ್ ಬಲದಲ್ಲಿ ಚುಚ್ಚಿತು ಅಂತ ಕಂಪನಿ ಆಗ ಹೇಳಿತು. ಮರು ತಿಂಗಳು ಟೆನೆಸ್ಸಿಯಲ್ಲಿ ಟ್ರೈಲರ್ ಎಳೆಯುವ ಕೊಂಡಿಯೊಂದು ಇನ್ನೊಂದು ಕಾರಿಗೆ ಅದೇ ಗತಿ ತಂದಿತು. ಎರಡರಲ್ಲೂ ಕಾರು ಮೊದಲೇ ಎಚ್ಚರಿಸಿತ್ತು. ಒಳಗಿದ್ದವರು ನಿಲ್ಲಿಸಿ, ಇಳಿದು ಪಾರಾದರು.

2014ರ ಮಾರ್ಚ್‌ನಲ್ಲಿ ಬಂದ ಪರಿಹಾರ ನೋಡಿ. ಇಡೀ ತಳಕ್ಕೆ ಇನ್ನಷ್ಟು ದಪ್ಪ ಪ್ಲೇಟ್ ಹಾಕಲಿಲ್ಲ. ಪ್ಯಾಕ್‌ಗಿಂತ ಮುಂದೆ ಮೂರು ಅಡ್ಡಿಗಳನ್ನು ಇಟ್ಟರು. ಮೊದಲನೆಯದು ದುಂಡನೆಯ ಟೊಳ್ಳು ಅಲ್ಯೂಮಿನಿಯಮ್ ಬಾರ್. ಎದುರಾದ ವಸ್ತುವನ್ನು ಪಕ್ಕಕ್ಕೆ ತಳ್ಳುವುದು, ಆಗದಿದ್ದರೆ ಅದು ಪ್ಯಾಕ್ ತಲುಪುವ ಮೊದಲೇ ಮೇಲಕ್ಕೆ ಏಳುವಂತೆ ಮಾಡುವುದು ಅದರ ಕೆಲಸ. ಅದರ ಹಿಂದೆ ಟೈಟಾನಿಯಮ್ ಪ್ಲೇಟ್. ಕೊನೆಗೆ, ಕಾರನ್ನೇ ವಸ್ತುವಿನ ಮೇಲೆ ಹತ್ತಿಸಿ ದಾಟಿಸುವ ಓರೆಯಾದ ಅಲ್ಯೂಮಿನಿಯಮ್ ಪಟ್ಟಿ. ಅದಕ್ಕೂ ಮೊದಲೇ, 2013ರ ನವೆಂಬರ್‌ನಲ್ಲಿ, ಹೈವೇ ವೇಗದಲ್ಲಿ ಕಾರು ಇನ್ನಷ್ಟು ಎತ್ತರದಲ್ಲಿ ಓಡುವಂತೆ ಸಾಫ್ಟ್‌ವೇರ್ ಬದಲಾಯಿಸಿದರು. ಎದುರಿಗೆ ಬರುವುದನ್ನು ಮುಂದೆಯೇ ಪಕ್ಕಕ್ಕೆ ತಿರುಗಿಸು, ಎತ್ತರ ಕಾಪಾಡು, ಉಳಿದದ್ದಕ್ಕೆ ಪ್ಲೇಟ್. ಕವಚ ಕೊಳ್ಳುವವರು ಈ ಸಾಲನ್ನೇ ಅನುಸರಿಸಿದರೆ ಒಳ್ಳೆಯದು.

ಯಾವ ಕವಚ?

ಅಂಡರ್‌ಬಾಡಿ ಕೋಟಿಂಗ್ ಬಗ್ಗೆ ಬೇಗ ಮುಗಿಸುತ್ತೇನೆ. ರಬ್ಬರ್ ಅಥವಾ ಪಿಯು (ಪಾಲಿಯುರೆಥೇನ್ ಪ್ಲಾಸ್ಟಿಕ್) ಸಿಂಪಡಿಸುವುದು ತುಕ್ಕಿಗೆ, ಸಣ್ಣ ಕಲ್ಲು ಸಿಡಿದು ಪೇಂಟ್ ಹೋಗುವುದಕ್ಕೆ ಒಳ್ಳೆಯ ತಡೆ. ದೊಡ್ಡ ಏಟಿಗೆ ಅದರಿಂದ ಏನೂ ಉಪಯೋಗ ಇಲ್ಲ. ಪ್ಯಾಕ್‌ನ ಉಸಿರುಗಂಡಿಗಳ ಮೇಲೆ, ಬೋಲ್ಟ್‌ಗಳ ಮೇಲೆ ಸಿಂಪಡಿಸಿದರೆ ಉಪಕಾರಕ್ಕಿಂತ ಅಪಕಾರವೇ ಜಾಸ್ತಿ. ಹಾಕಿಸುವುದಾದರೆ ಆ ಜಾಗಗಳನ್ನು ಮುಚ್ಚಿ ಹಾಕಿಸಿ.

ಇನ್ನು ಸ್ಟೀಲ್ ಮತ್ತು ಅಲ್ಯೂಮಿನಿಯಮ್. 'ಸ್ಟೀಲ್ ಗಟ್ಟಿ, ಅಲ್ಯೂಮಿನಿಯಮ್ ಮೆದು' ಅನ್ನುವ ಮಾತು ಅರ್ಧ ಮಾತ್ರ ನಿಜ. ಒಂದು ಚದರ ಮೀಟರ್ ಲೆಕ್ಕ ಹಾಕೋಣ. 2 ಮಿ.ಮೀ. ಸ್ಟೀಲ್ ತಗಡು ಸುಮಾರು 15.7 ಕೆ.ಜಿ. ತೂಗುತ್ತದೆ. 3 ಮಿ.ಮೀ. ಅಲ್ಯೂಮಿನಿಯಮ್ ಸುಮಾರು 8.1 ಕೆ.ಜಿ. ಬಾಗದೇ ನಿಲ್ಲುವ ಗುಣ ದಪ್ಪದ ಘನದಂತೆ ಏರುತ್ತದೆ, ಅಂದರೆ ದಪ್ಪ ಎರಡು ಪಟ್ಟಾದರೆ ಅದು ಎಂಟು ಪಟ್ಟು. ಹಾಗಾಗಿ ಈ ಎರಡರಲ್ಲಿ ಅಲ್ಯೂಮಿನಿಯಮ್ಮೇ ಒಂದು ಕೈ ಮೇಲು, ತೂಕ ಅರ್ಧ ಮಾತ್ರ. 4 ಮಿ.ಮೀ.ಗೆ ಹೋದರೆ ತೂಕ 10.8 ಕೆ.ಜಿ., ಬಾಗದೇ ನಿಲ್ಲುವ ಗುಣ 2 ಮಿ.ಮೀ. ಸ್ಟೀಲಿನ ಎರಡೂವರೆ ಪಟ್ಟಿಗಿಂತ ಜಾಸ್ತಿ. ಡಾಂಬರು ರಸ್ತೆಯಲ್ಲೇ ಓಡುವ ಕಾರಿಗೆ ನಾನು ಹೇಳುವುದು 3 ಅಥವಾ 4 ಮಿ.ಮೀ. ಅಲ್ಯೂಮಿನಿಯಮ್.

ಸ್ಟೀಲ್ ಗೆಲ್ಲುವುದು ಬೇರೆ ಕಡೆ. ಬಂಡೆಯ ಮೇಲೆ ಉಜ್ಜಿಕೊಂಡು ಹೋಗುವಾಗ ಅಲ್ಯೂಮಿನಿಯಮ್ ಕೆತ್ತಿಹೋಗುತ್ತದೆ, ಸ್ಟೀಲ್ ಜಾರುತ್ತದೆ. ಚೂಪು ತುದಿಯನ್ನೂ ಸ್ಟೀಲ್ ಚೆನ್ನಾಗಿ ತಡೆಯುತ್ತದೆ. ಬೆಂಕಿಯ ಶಾಖಕ್ಕೂ ಅದೇ ಮೇಲು: ಅಲ್ಯೂಮಿನಿಯಮ್ 660 ಡಿಗ್ರಿಗೆ ಕರಗಿದರೆ, ಸ್ಟೀಲ್‌ಗೆ 1400 ಡಿಗ್ರಿಯಾದರೂ ಬೇಕು. ಕಾಡು ದಾರಿ, ಕಲ್ಲುಗಣಿ ದಾರಿಯಲ್ಲಿ ದಿನಾ ಓಡಾಡುವವರು ತೂಕ ಜಾಸ್ತಿಯಾದರೂ ಸ್ಟೀಲ್ ಆರಿಸಿದರೆ ತಪ್ಪಿಲ್ಲ. ಆದರೆ ಸ್ಟೀಲ್ ತಗಡನ್ನು ಅಲ್ಯೂಮಿನಿಯಮ್ ಮೈಗೆ ನೇರವಾಗಿ ತಾಗಿಸಬಾರದು. ನಡುವೆ ಉಪ್ಪು ನೀರು ಸೇರಿದರೆ ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ. ರಬ್ಬರ್ ಅಥವಾ ನೈಲಾನ್ ವಾಷರ್ ಕಡ್ಡಾಯ.

ಗ್ಲಾಸ್ ಫೈಬರ್ ಕವಚಗಳು ಈಚೆಗೆ ಜಾಸ್ತಿ ಕಾಣುತ್ತಿವೆ. ಹಗುರ, ತುಕ್ಕು ಹಿಡಿಯುವುದಿಲ್ಲ, ಕರೆಂಟ್ ಹರಿಸುವುದಿಲ್ಲ. ಏಟು ತಿಂದು ವಾಪಸ್ ಮೊದಲಿನ ಆಕಾರಕ್ಕೇ ಬರುತ್ತವೆ. ಕೊನೆಯ ಗುಣವನ್ನೇ ನಾನು ಸ್ವಲ್ಪ ಅನುಮಾನದಿಂದ ನೋಡುತ್ತೇನೆ. ಲೋಹ ನೆಗ್ಗಿದರೆ ಕಣ್ಣಿಗೆ ಕಾಣುತ್ತದೆ. ಫೈಬರ್ ಬಾಗಿ ಪ್ಯಾಕ್‌ಗೆ ಬಡಿದು ವಾಪಸ್ ಬಂದಿದ್ದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಫೈಬರ್ ಹಾಕಿಸಿದವರು ಏಟು ಬಿದ್ದಾಗಲೆಲ್ಲ ಬಿಚ್ಚಿಸಿ ನೋಡಲೇಬೇಕು. ಕಾರ್ಬನ್ ಫೈಬರ್ ಕರೆಂಟ್ ಹರಿಸುತ್ತದೆ, ಅಲ್ಯೂಮಿನಿಯಮ್ ಜೊತೆ ಸೇರಿದರೆ ಅದಕ್ಕೂ ತುಕ್ಕು ಬರಿಸುತ್ತದೆ. ಬೆಲೆಯೂ ಜಾಸ್ತಿ. ಟೈಟಾನಿಯಮ್ ಸ್ಟೀಲಿಗಿಂತ ನಲವತ್ತು ಪರ್ಸೆಂಟಿನಷ್ಟು ಹಗುರ, ಗಟ್ಟಿತನದಲ್ಲಿ ಕಡಿಮೆಯಿಲ್ಲ. ಆದರೆ ತುಂಬಾ ದುಬಾರಿ. ಇಡೀ ತಳಕ್ಕೆ ಅದನ್ನು ಹಾಕಿಸುವ ಅಗತ್ಯ ಮಾಮೂಲಿ ಬಳಕೆಯಲ್ಲಿ ಯಾರಿಗೂ ಬರುವುದಿಲ್ಲ.

ಏನೂ ಹಾಕಿಸದೇ ಇರುವುದೂ ಒಂದು ಒಳ್ಳೆಯ ಆಯ್ಕೆಯೇ. ಕಾರಿನ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ತಳಕ್ಕೂ ನಡುವಿನ ಎತ್ತರ) ಚೆನ್ನಾಗಿದ್ದು, ಕಂಪನಿಯೇ ಪ್ಯಾಕ್ ಕೆಳಗೆ ಗಟ್ಟಿ ಪ್ಲೇಟ್ ಕೊಟ್ಟಿದ್ದರೆ, ಮೇಲಿಂದ ಇನ್ನೊಂದು ತಗಡು ಹೊರಿಸಿ ಕ್ಲಿಯರೆನ್ಸನ್ನೇ ಕಡಿಮೆ ಮಾಡಿಕೊಳ್ಳುವುದರಲ್ಲಿ ಅರ್ಥ ಇಲ್ಲ. ಕವಚ ಕೆಳಗೆ ಇಳಿದಷ್ಟೂ ತಾಗುವ ಸಾಧ್ಯತೆ ಜಾಸ್ತಿ, ಅಲ್ವಾ? ಅದೇ ಕಾರಣಕ್ಕೆ ಕಾರು ತಗ್ಗಿಸುವ ಸ್ಪ್ರಿಂಗ್ ಹಾಕಿಸಿಕೊಂಡು ಆಮೇಲೆ ತಳಕ್ಕೆ ಕವಚ ಹುಡುಕುವುದು ತಿರುಗುಮುರುಗು ಕೆಲಸ.

ಲೋಹಕ್ಕಿಂತ ಫಿಟ್ಟಿಂಗ್ ನೋಡಿ

ಒಂದೇ ತಗಡು ಒಬ್ಬರ ಕೈಯಲ್ಲಿ ಕವಚವಾಗುತ್ತದೆ, ಇನ್ನೊಬ್ಬರ ಕೈಯಲ್ಲಿ ಆಯುಧವಾಗುತ್ತದೆ. ಹಾಕಿಸುವ ಮುನ್ನ ಮೆಕ್ಯಾನಿಕ್ ಜೊತೆ ಕೂತು ಬಿಚ್ಚಿ ಮಾತಾಡಬೇಕಾದ ವಿಷಯ ಇದು.

ತಗಡಿಗೂ ಪ್ಯಾಕ್‌ಗೂ ನಡುವೆ ಜಾಗ ಇರಬೇಕು. ತಗಡು 10 ಮಿ.ಮೀ. ಬಾಗುವಷ್ಟು ಏಟು ಬಿತ್ತು ಅಂದುಕೊಳ್ಳಿ. ನಡುವೆ 5 ಮಿ.ಮೀ. ಜಾಗ ಮಾತ್ರ ಇದ್ದರೆ ಉಳಿದ ಏಟು ಪ್ಯಾಕ್‌ಗೇ ಹೋಯಿತು. ಅಂಟಿಸಿದಂತೆ ಕೂತ ದಪ್ಪ ತಗಡಿಗಿಂತ ಜಾಗ ಬಿಟ್ಟು ಕೂರಿಸಿದ ಸಾಧಾರಣ ತಗಡು ವಾಸಿ. ಆ ಜಾಗಕ್ಕೆ ಒತ್ತಿದರೆ ಕುಗ್ಗುವ ಗಟ್ಟಿ ಫೋಮ್ ಹಾಕುವುದೂ ಉಂಟು. ನೀರು ಹೀರುವ, ಬೆಂಕಿ ಹಿಡಿಯುವ ಫೋಮ್ ಮಾತ್ರ ಬೇಡ.

ತಗಡನ್ನು ಹಿಡಿದಿಡುವ ಬೋಲ್ಟ್ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ಸಬ್‌ಫ್ರೇಮಿಗೆ (ತಳದ ಲೋಹದ ಚೌಕಟ್ಟಿಗೆ) ಅಥವಾ ಬಾಡಿಯಲ್ಲಿ ಮೊದಲೇ ಇರುವ ತೂತುಗಳಿಗೆ ಹೋದರೆ ಸರಿ. ಪ್ಯಾಕ್ ತಟ್ಟೆಗೆ ಡ್ರಿಲ್ ಮಾಡುತ್ತೇನೆ ಅಂದರೆ ಅಲ್ಲಿಂದ ಎದ್ದು ಬನ್ನಿ. ವಾರಂಟಿ ಹೋಗುವುದು ಚಿಕ್ಕ ವಿಷಯ. ಒಳಗೆ 400 ಅಥವಾ 800 ವೋಲ್ಟ್ ಇದೆ. ಬೋಲ್ಟಿನ ತುದಿ ಮೇಲ್ಮುಖವಾಗಿ ಪ್ಯಾಕ್ ಕಡೆ ನಿಂತಿದ್ದರೂ ಅಪಾಯವೇ. ತಗಡಿಗೆ ಏಟು ಬಿದ್ದಾಗ ಆ ತುದಿಯೇ ಈಟಿಯಂತೆ ಚುಚ್ಚುತ್ತದೆ.

ಪ್ಯಾಕ್‌ನಲ್ಲಿ ಒತ್ತಡ ಹೊರಬಿಡುವ ವಾಲ್ವ್‌ಗಳಿರುತ್ತವೆ. ಒಳಗೆ ಸೆಲ್ ಕೆಟ್ಟು ಗ್ಯಾಸ್ ಹುಟ್ಟಿದರೆ ಅದು ಹೊರಗೆ ಹೋಗಬೇಕಾದ ದಾರಿ ಅದೇ. ತಗಡು ಅದನ್ನು ಮುಚ್ಚಬಾರದು. ನೀರು ಇಳಿಯಲು ತೂತುಗಳು ಬೇಕು, ಜ್ಯಾಕ್ ಕೊಡುವ ಜಾಗ ತೆರೆದಿರಬೇಕು. ಹಳೆಯ ನಿಸ್ಸಾನ್ ಲೀಫ್‌ನಂತೆ ಪ್ಯಾಕ್ ತಂಪಾಗಲು ಕೂಲಂಟ್ ಇಲ್ಲದ ಕಾರಿನಲ್ಲಿ ತಳ ಪೂರ್ತಿ ಮುಚ್ಚುವ ಮುಂಚೆ ಇನ್ನೂ ಯೋಚಿಸಬೇಕು.

ಬಿಚ್ಚಲು ಸುಲಭವಾಗಿರಬೇಕು ಅಂತ ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಓಡಾಡಿದ ಕಾರಿನ ತಗಡು ಇಳಿಸಿದರೆ ಒಳಗೆ ಒಣಗಿದ ಕೆಸರಿನ ಪದರ ಇರುತ್ತದೆ, ಅದರೊಳಗೆ ಕಡಲೆ ಗಾತ್ರದ ಕಲ್ಲುಗಳು ಹೂತಿರುತ್ತವೆ. ಕಾರು ಅಲುಗಿದಾಗಲೆಲ್ಲ ಅವು ಪ್ಯಾಕ್ ತಟ್ಟೆಯ ಪೇಂಟನ್ನು ತಿಕ್ಕುತ್ತಿರುತ್ತವೆ. ಒದ್ದೆ ಕೆಸರು ಅಲ್ಲೇ ಉಳಿದು ತುಕ್ಕು ತರಿಸುತ್ತದೆ. ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಇಳಿಸಿ ತೊಳೆಸಿ.

ಹೊಸ ಕಾರು ಕೊಳ್ಳುವವರಿಗೆ

ಇನ್ನೂ ಕಾರು ಕೊಂಡಿಲ್ಲದವರ ಕೈಯಲ್ಲಿ ಇದಕ್ಕಿಂತ ದೊಡ್ಡ ಆಯ್ಕೆ ಇದೆ: ಸೆಲ್‌ನ ರಸಾಯನ. ಎನ್‌ಎಂಸಿ (ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್) ಸೆಲ್ ಕೈಮೀರುವುದು, ಅಂದರೆ ಥರ್ಮಲ್ ರನ್‌ಅವೇಗೆ ಇಳಿಯುವುದು, ಸುಮಾರು 210 ಡಿಗ್ರಿಯಲ್ಲಿ, ಎಲ್‌ಎಫ್‌ಪಿ (ಲಿಥಿಯಮ್, ಕಬ್ಬಿಣ, ಫಾಸ್ಫೇಟ್) ಸುಮಾರು 270 ಡಿಗ್ರಿಯಲ್ಲಿ ಅಂತ ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಅದಕ್ಕಿಂತ ಮುಖ್ಯ, ಎಲ್‌ಎಫ್‌ಪಿ ಕೆಟ್ಟಾಗ ಹೊರಬರುವ ಶಾಖ ಕಡಿಮೆ. ಹಾಗಾಗಿ ಪಕ್ಕದ ಸೆಲ್‌ಗೆ ಹರಡುವುದೂ ಕಷ್ಟ. 2020ರಲ್ಲಿ ಚೀನಾದ ಕಾರು ಕಂಪನಿ ಬಿವೈಡಿ ತನ್ನ ಬ್ಲೇಡ್ ಅನ್ನುವ ಎಲ್‌ಎಫ್‌ಪಿ ಸೆಲ್‌ಗೆ ಮೊಳೆ ಹೊಡೆದು ತೋರಿಸಿದಾಗ ಹೊಗೆ, ಬೆಂಕಿ ಎರಡೂ ಬರಲಿಲ್ಲ. ಮೇಲ್ಮೈ 30ರಿಂದ 60 ಡಿಗ್ರಿಯಲ್ಲೇ ಉಳಿಯಿತು ಅಂತ ಕಂಪನಿ ಹೇಳಿತು. ಆದರೆ ಎಲ್‌ಎಫ್‌ಪಿಗೆ ಬೆಂಕಿಯೇ ಬೀಳಲ್ಲ ಅನ್ನುವುದು ತಪ್ಪು. ಕೆಟ್ಟರೆ ಅದೂ ಹೈಡ್ರೋಜನ್ ತುಂಬಿದ, ಹೊತ್ತಿಕೊಳ್ಳುವ ಗ್ಯಾಸ್ ಬಿಡುತ್ತದೆ. ಒಂದೇ ತೂಕಕ್ಕೆ ರೇಂಜ್ ಜಾಸ್ತಿ ಕೊಡುವುದು ಎನ್‌ಎಂಸಿ. ರಸ್ತೆ ಕೆಟ್ಟಿದ್ದು, ದಿನದ ಓಡಾಟ ಹತ್ತಿರದ್ದೇ ಆಗಿದ್ದರೆ ನಾನು ಎಲ್‌ಎಫ್‌ಪಿಗೇ ವೋಟು ಹಾಕುತ್ತೇನೆ.

ಯಾವ ನಿಯಮ ಪಾಸಾದ ಪ್ಯಾಕ್ ಅಂತಲೂ ವಿಚಾರಿಸಿ. ಎಲೆಕ್ಟ್ರಿಕ್ ವಾಹನಗಳ ಸುರಕ್ಷತೆಗೆ ವಿಶ್ವಸಂಸ್ಥೆ 2018ರಲ್ಲಿ ತಂದ ಜಿಟಿಆರ್ 20 ನಿಯಮದ ಪ್ರಕಾರ ಒಂದು ಸೆಲ್ ಕೈಮೀರಿದರೆ, ಕಾರಿನೊಳಗೆ ಅಪಾಯ ಬರುವ 5 ನಿಮಿಷ ಮೊದಲೇ ಎಚ್ಚರಿಕೆ ಸಿಗಬೇಕು. ಚೀನಾದ ಹೊಸ ರಾಷ್ಟ್ರೀಯ ನಿಯಮ ಜಿಬಿ 38031-2025 ಇನ್ನೂ ಬಿಗಿ. 2026ರ ಜುಲೈ 1ರಿಂದ ಜಾರಿಯಾಗುವಂತೆ ಬರೆದ ಈ ನಿಯಮದ ಪ್ರಕಾರ ಸೆಲ್ ಕೈಮೀರಿದರೂ ಪ್ಯಾಕ್‌ಗೆ ಬೆಂಕಿ ಬೀಳಬಾರದು, ಸ್ಫೋಟ ಆಗಬಾರದು. ಅದರಲ್ಲಿ ತಳದ ಏಟಿಗೇ ಪ್ರತ್ಯೇಕ ಪರೀಕ್ಷೆ ಇದೆ: 30 ಮಿ.ಮೀ. ಅಗಲದ, ಉಂಡೆಯಾಕಾರದ ಉಕ್ಕಿನ ತಲೆಯಿಂದ 150 ಜೂಲ್ ಶಕ್ತಿಯಲ್ಲಿ ತಳಕ್ಕೆ ಹೊಡೆಯುತ್ತಾರೆ. ನಮ್ಮ ಚಿಂತೆಯನ್ನೇ ಪರೀಕ್ಷೆ ಮಾಡಿದಂತೆ ಇದೆ. ಈ ಪರೀಕ್ಷೆ ಗೆದ್ದ ಪ್ಯಾಕ್ ಸಿಕ್ಕರೆ ಹೊರಗಿನ ತಗಡಿನ ಚಿಂತೆ ಅರ್ಧ ಕಡಿಮೆ.

ಸೆಲ್‌ಗಳ ನಡುವೆ ಏರೋಜೆಲ್, ಮೈಕಾದಂಥ ಶಾಖ ತಡೆಯುವ ಹಾಳೆ ಹಾಕಿ ಬೆಂಕಿ ಹರಡದಂತೆ ಮಾಡುವುದು ಫ್ಯಾಕ್ಟರಿಯ ಕೆಲಸ. ಆಮೇಲೆ ಹೊರಗಿನಿಂದ ಸೇರಿಸಲು ಬರುವುದಿಲ್ಲ.

ತಳ ತಾಗಿತು. ಈಗ?

ಸದ್ದು ಕೇಳಿದ ಮೇಲೆ ಸುಮ್ನೆ ಮುಂದೆ ಹೋಗಬೇಡಿ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಲ್ಲರೂ ಇಳಿದು ದೂರದಿಂದ ನೋಡಿ. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ, ತಳದಿಂದ ಹೊಗೆ, ಬುಸುಗುಡುವ ಅಥವಾ ಪಟಪಟ ಸಿಡಿಯುವ ಸದ್ದು, ಸಿಹಿ ಸಿಹಿಯಾದ ರಾಸಾಯನಿಕ ವಾಸನೆ, ನೆಲದ ಮೇಲೆ ಕೂಲಂಟ್. ಇದರಲ್ಲಿ ಒಂದು ಕಂಡರೂ ಮತ್ತೆ ಹತ್ತಬೇಡಿ. ಫೈರ್ ಸರ್ವಿಸ್‌ಗೆ ಫೋನ್ ಮಾಡಿ, ಅದು ಎಲೆಕ್ಟ್ರಿಕ್ ಕಾರು ಅಂತ ಮೊದಲ ಮಾತಲ್ಲೇ ಹೇಳಿ.

ಏನೂ ಕಾಣದಿದ್ದರೆ ಮೂರು ದಾರಿ. ಫೋನಿನ ಟಾರ್ಚ್ ಹಿಡಿದು ಬಗ್ಗಿ ನೋಡುವುದು ಗೀರು ಕಂಡುಹಿಡಿಯಲು ಸಾಕು, ನೆಗ್ಗಿಗೆ ಸಾಲದು. ಲಿಫ್ಟ್ ಮೇಲೆ ಏರಿಸಿ ತಗಡು ಇಳಿಸಿ ನೋಡುವುದು ಎರಡನೆಯದು. ತಟ್ಟೆಗೆ ಅಡ್ಡಲಾಗಿ ಒಂದು ನೇರ ಪಟ್ಟಿ ಇಟ್ಟರೆ ಎಷ್ಟು ಒಳಗೆ ಹೋಗಿದೆ ಗೊತ್ತಾಗುತ್ತದೆ. ಎಷ್ಟರವರೆಗೆ ಪರವಾಗಿಲ್ಲ ಅನ್ನುವ ಅಳತೆ ಆಯಾ ಕಂಪನಿಯ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ. ಅದನ್ನೇ ಕೇಳಿ, ಅಂದಾಜಿನ ಮಾತು ಬೇಡ. ಮೂರನೆಯದು ಪ್ಯಾಕ್‌ಗೆ ಗಾಳಿಯೊತ್ತಡ ಹಾಕಿ ಸೋರಿಕೆ ನೋಡುವುದು, ಇನ್ಸುಲೇಷನ್ ಅಳೆಯುವುದು, ಬಿಎಂಎಸ್‌ನಿಂದ (ಬ್ಯಾಟರಿಯ ಮೇಲೆ ಕಣ್ಣಿಡುವ ಎಲೆಕ್ಟ್ರಾನಿಕ್ ವ್ಯವಸ್ಥೆಯಿಂದ) ಸೆಲ್‌ಗಳ ವೋಲ್ಟೇಜ್ ಓದುವುದು. ನೆಗ್ಗು ಕಂಡಿದ್ದರೆ ಎರಡನೆಯದಕ್ಕೆ ನಿಲ್ಲಿಸದೆ ಮೂರನೆಯದನ್ನೂ ಮಾಡಿಸಿ. ಅಲ್ಲಿಯವರೆಗೆ ಚಾರ್ಜ್‌ಗೆ ಹಾಕಬೇಡಿ, ಮನೆಯ ಗೋಡೆಗೆ ತಾಗಿಸಿ ನಿಲ್ಲಿಸಬೇಡಿ.

ಇನ್ಶೂರೆನ್ಸ್ ಕಾಗದವನ್ನೂ ಇಂದೇ ಓದಿ. ಬ್ಯಾಟರಿ ತಳದ ಏಟಿಗೆ ಹಣ ಸಿಗುತ್ತದಾ ಅಂತ ಬರಹದಲ್ಲಿ ಕೇಳಿ. 2023ರಲ್ಲಿ ಕೆನಡಾದಲ್ಲಿ ತಳದ ಹೊದಿಕೆಗೆ ಬಿದ್ದ ಏಟಿಗೇ ಇಡೀ ಪ್ಯಾಕ್ ಬದಲಿಸಬೇಕು ಅಂತ ಹೇಳಿದ ಪ್ರಕರಣ ಸುದ್ದಿಯಾಗಿತ್ತು. ಖರ್ಚು ಕಾರಿನ ಬೆಲೆಯನ್ನೇ ಮೀರಿತ್ತು. ಬಿಚ್ಚಿ ಬದಲಿಸಬಹುದಾದ ತಗಡಿನ ನಿಜವಾದ ಲಾಭ ಇಲ್ಲೇ: ಗೀರು ಪ್ಯಾಕ್ ಮೇಲೆ ಬೀಳದೆ ತಗಡಿನ ಮೇಲೆ ಬೀಳುತ್ತದೆ. ಕಾರು ಹೊಸದಿದ್ದಾಗಲೇ ತಳದ ಫೋಟೋ ತೆಗೆದಿಟ್ಟರೆ ಹಳೆಯ ಗೀರು ಯಾವುದು, ಹೊಸದು ಯಾವುದು ಅಂತ ಜಗಳ ಬರುವುದಿಲ್ಲ.

ಬೆಂಕಿಗೆ ಏನು ಇಟ್ಟುಕೊಳ್ಳಬೇಕು

ಎಲೆಕ್ಟ್ರಿಕ್ ಕಾರಿಗೆ ಬೆಂಕಿ ಬೀಳುವುದು ಪೆಟ್ರೋಲ್ ಕಾರಿಗಿಂತ ಅಪರೂಪ. ಆದರೆ ಬಿದ್ದರೆ ಆರಿಸುವುದು ಕಷ್ಟ. ಪೌಡರ್ ಅಥವಾ ಸಿಒ2 ಸಿಲಿಂಡರ್ ಸೀಟು, ವೈರು, ಬಾನೆಟ್ ಒಳಗಿನ ಸಣ್ಣ ಬೆಂಕಿಗೆ ಉಪಯೋಗ. ಅದಕ್ಕಾಗಿ ಒಂದು ಇಟ್ಟುಕೊಳ್ಳಿ. ಪ್ಯಾಕ್ ಒಳಗಿನ ಬೆಂಕಿಗೆ ಅದು ತಲುಪುವುದೂ ಇಲ್ಲ, ತಂಪು ಮಾಡುವುದೂ ಇಲ್ಲ. ಉರಿಯುವ ಕಾರಿನ ಮೇಲೆ ಹೊದಿಸುವ ಬೆಂಕಿ ಹೊದಿಕೆ, ಬೆಂಕಿ ಪಕ್ಕದ ಕಾರು, ಕಟ್ಟಡಕ್ಕೆ ಹರಡುವುದನ್ನು ತಡೆಯುತ್ತದೆ, ಒಳಗಿನ ಕ್ರಿಯೆಯನ್ನು ನಿಲ್ಲಿಸುವುದಿಲ್ಲ. ಮೇಲಾಗಿ ಅದರ ಕೆಳಗೆ ಗ್ಯಾಸ್ ತುಂಬಿಕೊಳ್ಳುತ್ತದೆ. ಅವಸರದಲ್ಲಿ ಎತ್ತಿದರೆ ಭಗ್ಗನೆ ಹೊತ್ತಿಕೊಳ್ಳಬಹುದು. ಅದು ತರಬೇತಿ ಪಡೆದವರ ಸಾಮಾನು, ಮನೆಯಲ್ಲಿ ಇಡುವಂಥದ್ದಲ್ಲ.

ಪ್ಯಾಕ್ ತಂಪು ಮಾಡುವುದು ನೀರು ಮಾತ್ರ, ಅದೂ ಅಪಾರ ಪ್ರಮಾಣದಲ್ಲಿ. ಟೆಸ್ಲಾ ಅಗ್ನಿಶಾಮಕರಿಗೆ ಕೊಟ್ಟ ಕೈಪಿಡಿ ಸುಮಾರು 11,000ದಿಂದ 30,000 ಲೀಟರ್ ಬೇಕಾಗಬಹುದು ಅನ್ನುತ್ತದೆ. ಮನೆಯ ಪೈಪಿನಿಂದ ಆಗುವ ಕೆಲಸ ಅಲ್ಲ.

ಆದ್ದರಿಂದ ಹಣ ಖರ್ಚು ಮಾಡುವುದಾದರೆ ನಾನು ಹೊಗೆ ಪತ್ತೆಹಚ್ಚುವ ಅಲಾರಂ ಕಡೆ ಕೈ ತೋರಿಸುತ್ತೇನೆ. ಗ್ಯಾರೇಜಿನಲ್ಲಿ ಒಂದು, ಅದರ ಸದ್ದು ಮಲಗುವ ಕೋಣೆಗೆ ಕೇಳುವ ಹಾಗೆ. ನೆಲಮಾಳಿಗೆಯಲ್ಲಿ ಪಾರ್ಕ್ ಮಾಡುವವರು ಅಲ್ಲಿನ ಸ್ಪ್ರಿಂಕ್ಲರ್ (ಬೆಂಕಿ ಬಿದ್ದಾಗ ತಾನಾಗೇ ನೀರು ಚಿಮ್ಮಿಸುವ ವ್ಯವಸ್ಥೆ) ಕೆಲಸ ಮಾಡುತ್ತದಾ ಅಂತ ಕೇಳಿ ತಿಳಿದುಕೊಳ್ಳಿ. 2024ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಇಂಚಾನ್‌ನಲ್ಲಿ ಅಪಾರ್ಟ್‌ಮೆಂಟ್ ನೆಲಮಾಳಿಗೆಯಲ್ಲಿ ಸುಮ್ಮನೆ ನಿಂತಿದ್ದ ಎಲೆಕ್ಟ್ರಿಕ್ ಕಾರಿಗೆ ಬೆಂಕಿ ಬಿದ್ದಾಗ ಸ್ಪ್ರಿಂಕ್ಲರ್ ನಿಲ್ಲಿಸಲಾಗಿತ್ತು. ನೂರಕ್ಕೂ ಹೆಚ್ಚು ಕಾರುಗಳಿಗೆ ಹಾನಿಯಾಯಿತು.

ಬೆಂಕಿ ಆರಿದ ಮೇಲೂ ಕಾರಿನ ಹತ್ತಿರ ಹೋಗಬೇಡಿ. ಬಣವೆಗೆ ಬಿದ್ದ ಬೆಂಕಿಯ ಹಾಗೆ, ಮೇಲೆ ಆರಿದರೂ ಒಳಗೆ ಕೆಂಡ ಇರುತ್ತದೆ. ಗಂಟೆಗಳ ನಂತರ, ದಿನಗಳ ನಂತರವೂ ಮತ್ತೆ ಹೊತ್ತಿಕೊಂಡದ್ದುಂಟು. ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷ ಇರುತ್ತದೆ, ಗಾಳಿ ಹೊಗೆಯನ್ನು ಹೊತ್ತೊಯ್ಯುವ ಕಡೆ ನಿಲ್ಲಬೇಡಿ. ಟೋ ಮಾಡುವುದಾದರೆ ನಾಲ್ಕೂ ಚಕ್ರ ಮೇಲಿರುವ ಫ್ಲಾಟ್‌ಬೆಡ್ ಲಾರಿಯಲ್ಲೇ ಆಗಬೇಕು. ಬೆಂಕಿ ಬಿದ್ದ ಕಾರಿರಲಿ, ತಳಕ್ಕೆ ಜೋರು ಏಟು ತಿಂದ ಕಾರಿರಲಿ, ಯಾರ್ಡಿನಲ್ಲಿ ಕಟ್ಟಡದಿಂದ, ಬೇರೆ ಗಾಡಿಗಳಿಂದ ಕನಿಷ್ಠ 15 ಮೀಟರ್ ದೂರ, ಬಯಲಲ್ಲಿ ನಿಲ್ಲಿಸಲು ಟೋ ಮಾಡುವವರಿಗೆ ನೀವೇ ಬಾಯಿಬಿಟ್ಟು ಹೇಳಿ.